ಎಲ್ಲೂ ಕಚ್ಚದ ಬೂಟ್ಸು

ಶೇಖರನ ಕಾಲಿಗೆ ಯಾವ ಬೂಟ್ಸೂ ಕಚ್ಚುತ್ತಿರಲಿಲ್ಲ.

ಕುಂದಾಪುರದ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಪೈಗಳಿಗೆ ಅಂಥ ಗಿರಾಕಿ ಇನ್ನೊಬ್ಬನಿರಲಿಲ್ಲ. ಉಳಿದವರು ಗೋಡೆಯ ಮೇಲಿನ ಜೋಡಿಗಳನ್ನೆಲ್ಲ ಇಳಿಸಿ, ಹಾಕಿ, ನಡೆದು, ಹೆಬ್ಬೆರಳು ಒತ್ತುತ್ತದೆ, ಹಿಮ್ಮಡಿ ಜಾರುತ್ತದೆ ಎಂದು ಮುಖ ಕಿವುಚಿ, ಕಡೆಗೆ ಇನ್ನೊಮ್ಮೆ ಬರುವೆವೆಂದು ಕೊಡೆ ಬಿಡಿಸಿಕೊಂಡು ಹೋಗುವವರು. ಶೇಖರ ಹಾಗಲ್ಲ. ಬಂದವನೇ ಕಿಸೆಯಿಂದ ನೆಲ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿ ತೆಗೆಯುವನು. ಮನೆಯಲ್ಲಿ ನೆಲದ ಮೇಲೆ ಪಾದ ಊರಿ, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಅಳೆದು ಮುರಿದ ಕಡ್ಡಿ. ಪೇಟೆಗೆ ಹೋಗುವವರ ಕೈಯಲ್ಲಿ ಅವನ ಊರಾದ ಹಟ್ಟಿಯಂಗಡಿಯ ಹೆಂಗಸರು, ಮುದುಕರು ಹಾಗೆ ಕಡ್ಡಿ ಮುರಿದು ಕೊಡುತ್ತಿದ್ದರು. ಕಾಲು ಮನೆಯಲ್ಲೇ ಉಳಿಯುತ್ತಿತ್ತು, ಕಡ್ಡಿ ಪೇಟೆಗೆ ಹೋಗುತ್ತಿತ್ತು. ಆದರೆ ತನ್ನ ಕಾಲನ್ನು ಜೊತೆಗೇ ತಂದವನು ಕಡ್ಡಿ ತೋರಿಸುವುದು ಪೈಗಳಿಗೆ ತಮಾಷೆಯಾಗಿ ಕಾಣುತ್ತಿತ್ತು.

"ಹ್ವಾಯ್ ಶೇಖರಣ್ಣ, ಕಾಲ್ ಹಾಕಿ ಒಂದ್ ಸುತ್ತ್ ನಡ್ದ್ ಕಾಣಿ. ಆಮೇಲೆ ಕಚ್ಚತ್ತ್ ಅಂದ್ರೆ ನಾ ವಾಪಾಸ್ ತಕಣುದಿಲ್ಲೆ."

"ಕಡ್ಡಿ ಹಿಡ್ದ್ರೆ ಸಾಕ್. ನನ್ನ್ ಕಾಲಿಗೆ ಕಚ್ಚುದಿಲ್ಲೆ."

"ಎಂತ ಕಾಲ್ ಮಾರಾಯ್ರೆ ನಿಮ್ದ್! ಕಲ್ಲಂಗೆ ಕೆತ್ತಿದ್ದೇ ಸೈ."

ಶೇಖರ ನಕ್ಕು ಬಿಡುತ್ತಿದ್ದ. ಬಿಳಿ ಕ್ಯಾನ್ವಾಸಿನ, ರಬ್ಬರ್ ತಳದ ಆಟದ ಬೂಟ್ಸನ್ನು ಕಾಗದದಲ್ಲಿ ಸುತ್ತಿಸಿಕೊಂಡು, ಹೊಳೆಯ ದಾರಿ ಹಿಡಿದು ದೋಣಿಗೆ ಬರುತ್ತಿದ್ದ.

ಅವನು ಬೊಂಬಾಯಿಯಿಂದ ತಿರುಗಿ ಬಂದದ್ದು ಅರವತ್ತನಾಲ್ಕನೆಯ ಇಸವಿಯಲ್ಲಿ. ಅಲ್ಲಿಯ ಒಂದು ಹೋಟೆಲಿನ ಅಡಿಗೆಮನೆಯಲ್ಲಿ ಹದಿನಾರನೆಯ ವಯಸ್ಸಿನಿಂದಲೇ ಇದ್ದವನು. ಒಂದು ದಿನ ಕುದಿಯುವ ಸಾಂಬಾರಿನ ಪಾತ್ರೆ ವಾಲಿ ಅವನ ಬಲಗಾಲ ಮೇಲೆ ಸುರಿಯಿತು. ಶೇಖರ ಪಾತ್ರೆಯನ್ನು ನೆಟ್ಟಗೆ ಮಾಡಿ, ಒರೆಸುವ ಬಟ್ಟೆ ಹುಡುಕುತ್ತ ನಿಂತ. ಪಕ್ಕದವನು ಅವನ ಪಾದ ಕಂಡು ಕಿರುಚಿದ ಮೇಲೆಯೇ ಅವನು ಕೆಳಗೆ ನೋಡಿದ್ದು. ಚರ್ಮ ಬೆಂದ ಬಾಳೆಎಲೆಯಂತೆ ಮುದುಡಿತ್ತು. ಅಲ್ಲಿಯ ಡಾಕ್ಟರು ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ತೊಡೆಯ ಮೇಲಿದ್ದ ಮಾಸಿದ ಮಚ್ಚೆಯನ್ನು ಬೆರಳಿಂದ ಸವರಿ, ಮೆಲ್ಲಗೆ ಹೆಸರು ಹೇಳಿದರು. ಊರಿನಲ್ಲಿ ಯಾರೂ ಆ ಹೆಸರನ್ನು ಪೂರ್ತಿ ಹೇಳುವುದಿಲ್ಲ. ದೊಡ್ಡ ರೋಗ ಅನ್ನುತ್ತಾರೆ, ಅನ್ನುವಾಗ ಆಚೆ ಈಚೆ ನೋಡುತ್ತಾರೆ.

ಬೊಂಬಾಯಿಯ ನೀರು ಒಗ್ಗಲಿಲ್ಲ ಎಂದು ಹೇಳಿಕೊಂಡು ಅವನು ಮನೆಗೆ ಬಂದ. ಮನೆಯಲ್ಲಿ ಇದ್ದವರು ಮಕ್ಕಳು ಅಬ್ಬಿ ಎಂದು ಕರೆಯುವ ತಾಯಿ ಸುಂದರಿ, ತಂಗಿ ಕುಸುಮಾವತಿ. ಗದ್ದೆ, ಮನೆಯ ಕಾರುಬಾರು ನೋಡುವವರು ತಾಯಿಯ ಅಣ್ಣ ಚಂದಯ್ಯ ಮಾವ. ಅವರ ಮಾತೇ ಮನೆಯಲ್ಲಿ ಕಡೆಯ ಮಾತು. ಅವರ ಮನೆತನದಲ್ಲಿ ಬಳಿ, ಅಂದರೆ ಕುಲದ ಹೆಸರು, ಮುಂದುವರಿಯುವುದು ಹೆಣ್ಣಿನಿಂದ. ಶೇಖರನಿಗೆ ಮಕ್ಕಳಾದರೂ ಅವು ಬೇರೆ ಬಳಿಯವು. ಆ ಮನೆಯ ಹೆಸರು ಹೇಳಬೇಕಾದವು ಕುಸುಮಾವತಿಯ ಮಕ್ಕಳು. ಆ ಒಂದು ಹುಡುಗಿಗೆ ಗಂಡು ಸಿಕ್ಕದೆ ಹೋದರೆ ಮನೆ ಅಲ್ಲಿಗೇ ನಿಂತುಹೋಗುತ್ತದೆ. ಅಣ್ಣನಿಗೆ ಹೀಗೆ ಎಂದು ತಿಳಿದರೆ ಗಂಡು ಸಿಗುವುದಿಲ್ಲ. ಶೇಖರ ಬಸ್ಸಿಳಿದು ಹೊಳೆಬದಿಯಲ್ಲಿ ದೋಣಿಗೆ ಕಾಯುವಾಗಲೇ ನಿಶ್ಚಯಿಸಿದ್ದ: ಕುಸುಮಳ ಮದುವೆಯಾಗುವವರೆಗೆ ತನ್ನ ಕಾಲನ್ನು ಯಾರೂ ಕಾಣಬಾರದು.

ಬ್ರಹ್ಮಾವರ ದಾಟಿ ತೆಂಕಕ್ಕೆ ಹೋದರೆ, ಬಸ್ಸಿನ ದಾರಿಯಿಂದ ಒಳಗೆ ಒಂದು ಸಣ್ಣ ಚಿಕಿತ್ಸಾಲಯವಿತ್ತು. ತಿಂಗಳಿಗೊಮ್ಮೆ ಮಾತ್ರೆ ಕೊಡುತ್ತಿದ್ದರು. ಅಲ್ಲಿಯ ಡಾಕ್ಟರಮ್ಮ ನರೆಗೂದಲಿನ ಹೆಂಗಸು, ಬೈಗುಳದಂತೆ ಮಾತಾಡುವವರು. ಅವನ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಆ ಪಾದಗಳನ್ನು ಯಾರಾದರೂ ತೊಡೆಯ ಮೇಲಿಟ್ಟುಕೊಳ್ಳಬಹುದೆಂದು ಅವನು ಎಣಿಸಿರಲಿಲ್ಲ.

"ಕಾಯಿಲೆಗಿಂತ ದೊಡ್ಡ ಶತ್ರು ನಿನ್ನ ಕಾಲಿಗೆ ನೋವಿಲ್ಲದಿರುವುದು," ಎಂದರು ಅವರು. "ಮುಳ್ಳು ಹೊಕ್ಕರೆ ನಿನಗೆ ತಿಳಿಯುವುದಿಲ್ಲ. ಬರಿಗಾಲಲ್ಲಿ ಮನೆಯೊಳಗೂ ನಡೆಯಬೇಡ. ಹಾಕುವ ಮೊದಲು ಒಳಗೆ ಕೈಬೆರಳು ಆಡಿಸಿ ನೋಡು. ಕಾಲನ್ನು ಕೇಳಬೇಡ, ಅದು ಸುಳ್ಳು ಹೇಳುತ್ತದೆ, ಕೈಯನ್ನು ಕೇಳು. ದಿನಾಲೂ ಪಾದಕ್ಕೆ ಬಟ್ಟೆ ಕಟ್ಟಿ ಎಳೆದು ವ್ಯಾಯಾಮ ಮಾಡು, ಇಲ್ಲದಿದ್ದರೆ ಮುಂಗಾಲು ಜೋತುಬೀಳುತ್ತದೆ."

ಅಲ್ಲಿ ಕೊಡುವ ಚಪ್ಪಲಿಯನ್ನೂ ತೋರಿಸಿದರು. ಮೆತ್ತನೆ ಕಪ್ಪು ರಬ್ಬರಿನದು, ಅಗಲ ಪಟ್ಟಿಯದು. ಶೇಖರ ಅದನ್ನು ಮುಟ್ಟಲಿಲ್ಲ. ಆ ಚಪ್ಪಲಿಯನ್ನು ಬಸ್ಸಿನ ಕಂಡಕ್ಟರಿನಿಂದ ಹಿಡಿದು ದಾರಿಯ ಬೀಡಿ ಅಂಗಡಿಯವನವರೆಗೆ ಎಲ್ಲರೂ ಬಲ್ಲರು. ಅದನ್ನು ಮೆಟ್ಟುವುದೂ ಊರಲ್ಲಿ ಡಂಗುರ ಸಾರಿಸುವುದೂ ಒಂದೇ.

"ಮನೆಯಲ್ಲಿ ಯಾರ್ಯಾರಿದ್ದಾರೆ? ಎಲ್ಲರನ್ನೂ ಒಮ್ಮೆ ಕರೆದುಕೊಂಡು ಬಾ, ನೋಡಬೇಕು."

"ಯಾರೂ ಇಲ್ಲ," ಎಂದ ಶೇಖರ. "ನಾನೊಬ್ಬನೇ."

ತಂಗಿ ಆ ಬಾಗಿಲು ಹೊಕ್ಕು ಬಂದದ್ದನ್ನು ಯಾರಾದರೂ ಕಂಡರೆ ಎಂಬುದಷ್ಟೇ ಆಗ ಅವನ ತಲೆಯಲ್ಲಿದ್ದದ್ದು.

ಹೀಗೆ ಅವನಿಗೆ ಬೂಟ್ಸು ಬೇಕಾಯಿತು, ಬೂಟ್ಸಿಗೊಂದು ನೆಪ ಬೇಕಾಯಿತು. ನೆಪ ಹಿತ್ತಿಲಲ್ಲೇ ಸಿಕ್ಕಿತು. ಭತ್ತ ಕುಟ್ಟುವ ಕೊಟ್ಟಿಗೆ ಖಾಲಿ ಬಿದ್ದಿತ್ತು. ಪೇಟೆಯಲ್ಲಿ ಅಕ್ಕಿಯ ಗಿರಣಿ ಆದಮೇಲೆ ಒನಕೆಗಳು ಮೂಲೆ ಸೇರಿದ್ದವು. ಶೇಖರ ಹಂಚಿನ ಮಾಡಿಗೆ ಅಡ್ಡಲಾಗಿ ಒಂದು ಗಟ್ಟಿ ಬಿದಿರು ಕಟ್ಟಿದ, ಒನಕೆಗಳ ತುದಿಗೆ ಕಲ್ಲು ಬಿಗಿದು ಎತ್ತುವ ಭಾರ ಮಾಡಿದ, ಗೋಣಿಗೆ ಹೊಳೆಯ ಹೊಯಿಗೆ ತುಂಬಿ ತೂಗುಹಾಕಿದ. ಬೆಳಿಗ್ಗೆ ದಂಡ, ಬಸ್ಕಿ. ಎಲ್ಲ ಮುಗಿದ ಮೇಲೆ ಬಾಗಿಲು ಓರೆಮಾಡಿ, ಹೆಗಲ ಮೇಲಿನ ಬೈರಾಸವನ್ನು ಮುಂಗಾಲಿಗೆ ಸುತ್ತಿ ಎಳೆಯುವ ಆ ಇನ್ನೊಂದು ವ್ಯಾಯಾಮ. ಕಸರತ್ತು ಮಾಡುವವನು ಆಟದ ಬೂಟ್ಸು ಹಾಕಿದರೆ ಯಾರು ಏನನ್ನುತ್ತಾರೆ? ಬೊಂಬಾಯಿಯ ಖಯಾಲಿ ಅನ್ನುತ್ತಾರೆ.

ಅಂದರು ಕೂಡ.

"ಹ್ವಾಯ್ ಪೈಲ್ವಾನ್ರೆ!" ದೋಣಿಯ ಸೂರ ಹೊಳೆಯ ನಡುವಿನಿಂದಲೇ ಕೂಗುತ್ತಿದ್ದ. "ಕುಸ್ತಿ ಯಾರೊಟ್ಟಿಗೆ? ಬೂಟ್ಸ್ ಕಂಡ್ರೆ ಆಚಿ ಕಡೆಯವ್ ಓಡಿ ಹೋತ!"

ಚಂದಯ್ಯ ಮಾವನಿಗೆ ಒಳಗೊಳಗೆ ಹೆಮ್ಮೆ. ಚಾವಡಿಯಲ್ಲಿ ಕುಳಿತವರಿಗೆ ಹಿತ್ತಿಲ ಕಡೆ ಕೈ ತೋರಿಸಿ, "ನಮ್ಮ್ ಮಾಣಿ. ಒನಕಿ ಕೆಲ್ಸ ಹೆಂಗ್ಸ್ರಿಂದ ಕಸ್ಕಂಡ," ಎಂದು ನಗುತ್ತಿದ್ದರು.

ತಾಯಿ ಮಾತ್ರ ಏನೂ ಅನ್ನಲಿಲ್ಲ. ಆ ಮನೆಯಲ್ಲಿ ಚಪ್ಪಲಿ ಅಂಗಳದ ತುದಿ ದಾಟಿ ಬಂದದ್ದಿಲ್ಲ. ಭತ್ತ ಬಿದ್ದ ನೆಲವನ್ನು ಮೆಟ್ಟಬಾರದೆಂದು ಕೊಟ್ಟಿಗೆಯನ್ನು ಗುಡಿಸದೆ ಕಾಲಿಡದ ಹೆಂಗಸು ಸುಂದರಿ. ಮೊದಲ ದಿನ ಮಗ ಬೂಟ್ಸು ಹಾಕಿ ಒಳಹೊಕ್ಕಾಗ ಅವಳು ಹೊಸ್ತಿಲಲ್ಲಿ ನಿಂತು ನೋಡಿದಳು. ಗೋಡೆಗೆ ಒರಗಿಸಿದ್ದ, ಅಕ್ಕಿ ಕೇರುವ ಗೆರಸಿಯನ್ನು ಎತ್ತಿಕೊಂಡು ಹೋದಳು. ಮರುದಿನ ಕೊಟ್ಟಿಗೆಯ ನೆಲಕ್ಕೆ ದಪ್ಪ ಗೋಣಿ ಹಾಸಿತ್ತು. ಅವಳಿಗೂ ಕಸರತ್ತಿನ ಮೇಲೆ ಗೌರವ ಬಂದಿದೆ ಎಂದುಕೊಂಡ ಶೇಖರ.

ಮೊದಲ ಜೋಡಿ ಮೋಸಮಾಡಿತು. ಕಡ್ಡಿಗೆ ಉದ್ದ ಗೊತ್ತು, ಅಗಲ ಗೊತ್ತಿಲ್ಲ. ಕಿರುಬೆರಳ ಬಳಿ ಬಿಗಿಯಾಗಿದ್ದ ಬಟ್ಟೆ ದಿನದಿನವೂ ತಿಕ್ಕಿ ತಿಕ್ಕಿ ಚರ್ಮ ಹರಿದು ಮಾಂಸ ಮುಟ್ಟಿತು. ಅದನ್ನು ಮೊದಲು ಕಂಡವಳು ಕುಸುಮಾವತಿ, ಒಗೆಯಲು ತೆಗೆದುಕೊಂಡ ಅವನ ಕಾಲುಚೀಲದಲ್ಲಿ. ಅದನ್ನು ಹಿಡಿದುಕೊಂಡೇ ಅವಳು ಕೊಟ್ಟಿಗೆಗೆ ಬಂದು ಬಾಗಿಲು ಹಾಕಿದಳು.

"ಅಣ್ಣ, ಕಾಲ್ ತೋರ್ಸ್."

"ಎಂತ ಆಯ್ಲಿಲ್ಲೆ, ಹೋಯ್."

"ತೋರ್ಸ್ ಅಂದೆ."

ಅವಳು ಕಂಡಳು. ಕೇಳಿದ್ದು ಒಂದೇ.

"ಇಷ್ಟ್ ಆರೂ ನೋಯುದಿಲ್ಯಾ?"

ಅವನು ತಲೆ ಅಲ್ಲಾಡಿಸಿದ. ಅವಳಿಗೆ ಅಷ್ಟು ಸಾಕಾಯಿತು. ಕುಸುಮಾವತಿ ಎತ್ತರದ ಹುಡುಗಿ, ದೊಡ್ಡ ಪಾದದವಳು. ಚಿಕ್ಕಂದಿನಲ್ಲಿ ಅಣ್ಣ ತಂಗಿ ಅಂಗಳದ ಸೆಗಣಿ ನೆಲದಲ್ಲಿ ಹೆಜ್ಜೆ ಊರಿ, ಇದು ಯಾರದು ಎಂದು ತಾಯಿಯನ್ನು ಕೇಳಿ ಸೋಲಿಸುತ್ತಿದ್ದರು. ನೆಂಟರ ಹೆಂಗಸರು, "ಈ ಹೆಣ್ಣಿಗೆ ಗಂಡನ್ ಚಪ್ಲಿಯೇ ಸೈ," ಎಂದು ಗೇಲಿ ಮಾಡಿದ್ದುಂಟು. ಅವಳು ಮೂಲೆಯಲ್ಲಿದ್ದ ಅವನ ಅಳತೆಯ ಕಡ್ಡಿ ತೆಗೆದು ತನ್ನ ಕಾಲಿಗೆ ಹಿಡಿದಳು. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿರಲಿಲ್ಲ.

"ಇನ್ನ್ ಮೇಲೆ ಹೊಸ ಬೂಟ್ಸ್ ನಾ ಮೊದ್ಲ್ ಹಾಕ್ತೆ. ಎಲ್ಲ್ ಕಚ್ಚತ್ತ್ ಅಂದ್ಹೇಳಿ ನಾ ಹೇಳ್ತೆ. ನಿನ್ನ್ ಕಾಲ್ ಸುಳ್ಳ್ ಹೇಳತ್ತ್, ನನ್ನ್ ಕಾಲ್ ಹೇಳುದಿಲ್ಲೆ."

ಅಲ್ಲಿಂದ ಅದೊಂದು ಪದ್ಧತಿಯಾಯಿತು. ಹೊಸ ಜೋಡಿ ಬಂದ ದಿನ ಕುಸುಮಾವತಿ ಸೀರೆ ಎತ್ತಿ ಕಟ್ಟಿ, ಬೂಟ್ಸು ಹಾಕಿ, ಕೊಟ್ಟಿಗೆಯಲ್ಲಿ ಅವನು ಮಾಡುವುದನ್ನೆಲ್ಲ ಮಾಡುವಳು. ತುದಿಗಾಲಲ್ಲಿ ನಿಂತು ಬಿದಿರು ಹಿಡಿಯುವಳು, ಕುಕ್ಕುರುಗಾಲಲ್ಲಿ ಕೂತು ಏಳುವಳು, ನಗುತ್ತ ಏದುಸಿರು ಬಿಡುವಳು. ನಡೆದಾಗ ಹಿತವೆನಿಸಿದ್ದು ಕೂತೆದ್ದಾಗ ಕಚ್ಚುವುದುಂಟು. ಕಾಲು ಬೆವರಿದ ಮೇಲೆಯೇ ಹೊಲಿಗೆಯ ಗಂಟು ತನ್ನ ಗುಣ ತೋರಿಸುವುದುಂಟು. "ಇಲ್ಲಿ, ಹೆಬ್ಬೆರಳ್ ಬುಡ," ಎನ್ನುವಳು. "ಅಯ್ಯಬ್ಬ, ಹಿಮ್ಮಡಿ ಹರೀತ್ ಮಾರಾಯ." ಅವಳು ಹೇಳಿದಲ್ಲೆಲ್ಲ ಶೇಖರ ಬ್ಲೇಡಿನಿಂದ ಬಟ್ಟೆ ಕೊಯ್ದು ಸಡಿಲಮಾಡುವನು, ಸೈಕಲ್ ಟ್ಯೂಬಿನ ತುಂಡು ಅಂಟಿಸುವನು. ಅವಳ ನೋವೇ ಅವನ ಕಾಲಿಗೆ ಕಣ್ಣಾಯಿತು. ಹುಣ್ಣು ಮಾಯಿತು. ಕೆಲವು ವರ್ಷ, ಹೊರಗಿನಿಂದ ನೋಡುವವರಿಗೆ, ಅವನು ಊರಿನ ಎಲ್ಲರಿಗಿಂತ ಗಟ್ಟಿಮುಟ್ಟಾದ ಗಂಡಸು.

ಅರವತ್ತೆಂಟರಲ್ಲಿ ಸಂಬಂಧ ಕೂಡಿಬಂತು. ಬ್ರಹ್ಮಾವರದ ಕಡೆಯ ಪ್ರೇಮಾನಂದ. ಬೊಂಬಾಯಿಯಲ್ಲಿ ಸ್ವಂತ ಹೋಟೆಲು ಮಾಡಿದವನು. ನೋಡಲು ಬಂದವರಲ್ಲಿ ಗಂಡಿನ ಚಿಕ್ಕಮ್ಮ ಕಣ್ಣು ಚುರುಕಿನ ಹೆಂಗಸು. ಚಾವಡಿಯಲ್ಲಿ ಕಾಪಿ ಕುಡಿಯುತ್ತ ಶೇಖರನ ಕಾಲನ್ನೇ ನೋಡುತ್ತಿದ್ದಳು.

"ಮನಿ ಒಳ್ಗೂ ಬೂಟ್ಸ್ ತೆಗುದಿಲ್ಯಾ ಇವ್ರ್?"

ಶೇಖರ ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡ. ಚಂದಯ್ಯ ಮಾವ ಎಲೆಯಡಿಕೆಯ ಬಾಯಲ್ಲೇ ಗಹಗಹಿಸಿದರು.

"ಕಸರತ್ತ್ ಮಾಡೂ ಜನ ಅಮ್ಮ! ಮಲ್ಗೂ ಹೊತ್ತಿಗೂ ತೆಗಿತ್ನೋ ಇಲ್ಯೋ ನಂಗ್ ಗೊತ್ತಿಲ್ಲೆ. ಅಳಿಯಂಗೆ ಬೊಂಬಾಯಲ್ಲಿ ಯಾರಾರೂ ಗಲಾಟಿ ಮಾಡ್ರೆ ಇವ್ನ್ ಕರೀನಿ, ಸಾಕ್."

ಎಲ್ಲರೂ ನಕ್ಕರು. ಚಿಕ್ಕಮ್ಮನೂ ನಕ್ಕಳು. ಕೊಯ್ಲು ಮುಗಿದ ಮೇಲೆ ಮದುವೆ ಎಂದಾಯಿತು. ಆ ಸಂಜೆ ಶೇಖರ ಕೊಟ್ಟಿಗೆಯಲ್ಲಿ ಬಾಗಿಲು ಹಾಕಿಕೊಂಡು, ಒರಳ ಮೇಲೆ ಕುಳಿತು, ಬಹಳ ವರ್ಷಗಳ ಮೇಲೆ ಅತ್ತ. ಗೆದ್ದವನು ಅಳುವ ಹಾಗೆ ಅತ್ತ.

ಮದುವೆಗೆ ಇನ್ನು ಸ್ವಲ್ಪವೇ ದಿನ ಎನ್ನುವಾಗ ಕುಸುಮಾವತಿ ಒಂದು ಹಟ ಹಿಡಿದಳು. ಬೊಂಬಾಯಿಗೆ ಹೋಗುವ ಮೊದಲು ಅಣ್ಣನಿಗೆ ಒಂದು ಒಳ್ಳೆಯ ಜೋಡಿ ತಾನೇ ಪೇಟೆಯಲ್ಲಿ ಆರಿಸಬೇಕು, ಬಹುಕಾಲ ಬಾಳುವಂಥದು. ಮದುವೆಯ ಬಳೆ, ಕುಪ್ಪಸದ ಬಟ್ಟೆಯ ನೆಪದಲ್ಲಿ ಇಬ್ಬರೂ ಕುಂದಾಪುರಕ್ಕೆ ಹೋದರು. ಪೈಗಳ ಅಂಗಡಿಯಲ್ಲಿ ಅವಳು ಗಂಡಸರ ಬೂಟ್ಸನ್ನು ತನ್ನ ಕಾಲಿಗೆ ಹಾಕಿ ನೋಡತೊಡಗಿದಾಗ ಪೈಗಳು ಕನ್ನಡಕವನ್ನು ಹಣೆಗೇರಿಸಿದರು.

"ಮದಿ ಹೆಣ್ಣ್ ಗಂಡನ್ ಒಟ್ಟಿಗೆ ಓಡುಕೆ ಪಂಥ ಕಟ್ಟಿತ್ತಾ ಹ್ಯಾಂಗೆ?"

"ಹೌದ್ ಪೈ ಮಾಮ್. ಸೋತ್ರೆ ನಿಮ್ಮ್ ಬೂಟ್ಸ್ ಹೆಸ್ರ್ ಹಾಳ್ ಮಾಡ್ತೆ."

ಒಂದನ್ನು ಹಾಕಿದಳು, ಎಡಗಾಲು ಬಿಗಿ ಎಂದು ತೆಗೆದಳು. ಇನ್ನೊಂದು ಹಾಕಿದಳು, ಎಡ ಹೆಬ್ಬೆರಳು ಎಂದಳು. ಮೂರನೆಯದು ಅಗಲ ತಲೆಯದು, ಒಳಗೆ ಮೆತ್ತನೆಯ ಹಾಸು ಇದ್ದದ್ದು. ಅದರಲ್ಲಿ ಅಂಗಡಿಯ ಉದ್ದಕ್ಕೂ ನಡೆದಳು. "ಅಣ್ಣ, ಇದೇ. ಇಷ್ಟ್ ಹಿತದ್ದ್ ನಾ ಕಾಣ್ಲೇ ಇಲ್ಲೆ. ಬಲಗಾಲಂಗಂತೂ ಬೂಟ್ಸ್ ಇತ್ತಾ ಇಲ್ಯಾ ಅಂದೇ ಗೊತ್ತಾತಿಲ್ಲೆ." ಅವಳ ಮುಖದಲ್ಲಿದ್ದ ಸಂತೋಷ ಕಂಡು ಶೇಖರನೂ ನಕ್ಕ.

ತಿರುಗಿ ಬರುವಾಗ ದೋಣಿಯಲ್ಲಿ ಸೀತು ಎಂಬ ಹೆಂಗಸು ಮಳಿ ಎಂಬ ಚಿಪ್ಪುಮೀನು ಹೆಕ್ಕಿದ ಬುಟ್ಟಿಗಳನ್ನು ಇಟ್ಟುಕೊಂಡು ಕೂತಿದ್ದಳು. ಹೊಳೆಯ ಕೆಸರಿನಿಂದ ಆಗಷ್ಟೇ ತೆಗೆದ ಚಿಪ್ಪುಗಳು ಬುಟ್ಟಿಯಂಚಿನಿಂದ ಜಾರಿ ದೋಣಿಯ ತಳದಲ್ಲೆಲ್ಲ ಚೂರಾಗಿ ಬಿದ್ದಿದ್ದವು. ಗಾಳಿಗೆ ದೋಣಿ ಹೊಯ್ದಾಡಿದಾಗ ಕುಸುಮಳ ಮಡಿಲಿನಿಂದ ಬೂಟ್ಸಿನ ಕಟ್ಟು ಬಿಚ್ಚಿ ಬಿತ್ತು. ಅವಳು ನಗುತ್ತ ಎತ್ತಿ, ತಲೆಕೆಳಗು ಮಾಡಿ ಕೊಡವಿದಳು.

ಮನೆಗೆ ಬಂದವಳೇ ನೇರ ಕೊಟ್ಟಿಗೆಗೆ. "ಕಡೆ ಸಲ ಕಸರತ್ತ್ ಮಾಡ್ತೆ ಕಾಣ್. ಬೊಂಬಾಯಲ್ಲಿ ಇದ್ನೆಲ್ಲ ಮಾಡ್ರೆ ಗಂಡ ಓಡಿ ಹೋತ." ಬಿದಿರು ಹಿಡಿದು ಎಗರಿದಳು, ಬಸ್ಕಿ ತೆಗೆದಳು, ಬೇಕೆಂದೇ ಧಪಧಪ ಕುಣಿದಳು. ಮಾಡಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ಹಳೆಯ ತೌಡಿನ ಧೂಳು ಎದ್ದು ಹೊಳೆಯಿತು.

"ಎಲ್ಲಾರೂ ಕಚ್ಚತ್ತಾ?"

"ಎಲ್ಲೂ ಇಲ್ಲೆ. ಹಾಕ್ಕೊ ಇನ್ನ್."

ಅವಳು ಬಿಚ್ಚಿ ಕೊಟ್ಟಳು. ಶೇಖರ ಅಭ್ಯಾಸದಂತೆ ಹಾಕುವ ಮೊದಲು ಒಳಗೆ ಕೈಯಿಟ್ಟ. ಎಡದ್ದರಲ್ಲಿ ಏನಿಲ್ಲ. ಬಲದ್ದರಲ್ಲಿ ಬೆರಳಿಗೆ ಒದ್ದೆ ತಾಕಿತು. ಬೆವರೆಂದುಕೊಂಡ. ಹಿಮ್ಮಡಿಯ ಜಾಗದಲ್ಲಿ ಏನೋ ಚುರುಕ್ಕೆಂದಿತು. ಹೊರಗೆ ತೆಗೆದಾಗ ಅಂಗೈಯಲ್ಲಿ ಇದ್ದದ್ದು ಮಳಿ ಚಿಪ್ಪಿನ ಒಂದು ಚೂರು, ಬ್ಲೇಡಿನಂಥ ಅಂಚಿನದು. ಬೆರಳು ಕೆಂಪಾಗಿತ್ತು. ಅದು ತನ್ನ ಬೆರಳಿನ ರಕ್ತವಲ್ಲ ಎಂಬುದು ಅವನಿಗೆ ಸ್ವಲ್ಪ ತಡವಾಗಿ ತಿಳಿಯಿತು.

ಕುಸುಮಾವತಿ ಒರಳಿನ ಅಂಚಿನಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅವಳ ಬಲ ಹಿಮ್ಮಡಿಯಿಂದ ಗೋಣಿಯ ಮೇಲೆ ಹನಿ ಇಳಿಯುತ್ತಿತ್ತು.

ಅವನು ಕಿಸೆಯಿಂದ ಕಡ್ಡಿ ತೆಗೆದ.

"ಆಚಿ ಬದಿಗೆ ತಿರ್ಗಿ ಕೂಕೊ."

"ಎಂತಕ್ಕೆ?"

"ಕೂಕೊ ಅಂದೆ. ನಾ ಕಡ್ಡಿ ಮುಟ್ಸ್ತೆ. ಮುಟ್ಟಿದ್ ಕೂಡ್ಲೆ ಹೇಳ್."

"ಕಚಗುಳಿ ಆರೆ ಒದಿತೆ, ಈಗ್ಲೇ ಹೇಳಿದ್ದೆ."

ಎಡಗಾಲ ಬೆರಳಿಗೆ ಮುಟ್ಟಿಸಿದ. "ಹಾಂ, ಬೆರಳ್," ಎಂದು ಕಾಲೆಳೆದುಕೊಂಡಳು. ಎಡ ಹಿಮ್ಮಡಿಗೆ ಮುಟ್ಟಿಸಿದ. "ಹಿಮ್ಮಡಿ." ಬಲಗಾಲಿಗೆ ಮುಟ್ಟಿಸಿದ. ಅವಳು ಸುಮ್ಮನೆ ಕಾಯುತ್ತ ಕೂತಿದ್ದಳು. ಮಾಡಿನ ಮೇಲೆ ಕಾಗೆಯೊಂದು ಹಂಚಿನಿಂದ ಹಂಚಿಗೆ ನಡೆಯುವ ಸದ್ದು ಕೇಳುತ್ತಿತ್ತು. ಅವನು ಕಡ್ಡಿಯನ್ನು ಇನ್ನೂ ಒತ್ತಿದ.

"ಹ್ವಾಯ್, ಮುಟ್ಟುಕೆ ಮುಹೂರ್ತ ಕಾಣ್ಕಾ?" ಎನ್ನುತ್ತ ಅವಳು ಕತ್ತು ತಿರುಗಿಸಿದಳು.

ಕಡ್ಡಿ ಅವಳ ಅಂಗಾಲಿಗೆ ಒತ್ತಿ ಬಿಲ್ಲಿನಂತೆ ಬಾಗಿತ್ತು.

ಅವಳು ಅದನ್ನೇ ನೋಡಿದಳು. ಅವನ ಕೈಯಿಂದ ಕಡ್ಡಿ ಕಿತ್ತುಕೊಂಡು ತಾನೇ ಒತ್ತಿದಳು. ಇಲ್ಲಿ, ಅಲ್ಲಿ, ಮತ್ತೆ ಹಿಮ್ಮಡಿಯಲ್ಲಿ, ರಕ್ತ ಬಂದಲ್ಲೇ. ಕಡ್ಡಿ ಮುರಿಯಿತು. ಅವಳು ಎದ್ದು ಆ ಬೂಟ್ಸನ್ನು ಗೋಡೆಗೆ ಎಸೆದಳು. ಗೋಡೆಗೆ ಬಡಿದು ಅದು ಒನಕೆಗಳ ನಡುವೆ ಬಿತ್ತು.

"ಅಣ್ಣ, ಅಬ್ಬಿಗೆ ಹೇಳ್ಬ್ಯಾಡ." ಅವಳ ದನಿ ಪಿಸುಮಾತಾಗಿತ್ತು. "ಮದಿ ಒಂದ್ ಆಯ್ಲಿ. ಬೊಂಬಾಯಲ್ಲಿ ಡಾಕ್ಟ್ರ್ ಇರುದಿಲ್ಯಾ? ಅಲ್ಲೇ ಮದ್ದ್ ತಕಂತೆ. ನೀ ಇಷ್ಟ್ ವರ್ಷ ಅಡ್ಗ್ಸಿ ಇಡ್ಲಿಲ್ಯಾ? ನಂಗೆ ಆತಿಲ್ಯಾ?"

ಇಷ್ಟು ವರ್ಷ ಅವನು ಕಾದಿದ್ದ ಮದುವೆ ಕೈಗೆ ಸಿಕ್ಕುವಷ್ಟು ಹತ್ತಿರವಿತ್ತು. ಒಂದು ಮಾತು ನುಂಗಿದರೆ ಸಾಕು. ಶೇಖರನ ಕಣ್ಣಮುಂದೆ ಬಂದದ್ದು ಬೊಂಬಾಯಿಯ ಅಡಿಗೆಮನೆ; ಒದ್ದೆ ನೆಲ, ಉರಿಯುವ ಒಲೆ, ಕುದಿಯುವ ಪಾತ್ರೆ. ಅಲ್ಲಿ ಇವಳು ಗಂಡನಿಂದ ಕಾಲು ಮುಚ್ಚಿಕೊಂಡು ನಿಲ್ಲಬೇಕು. ಇವಳ ಬೂಟ್ಸನ್ನು ಮೊದಲು ಹಾಕಿ ನೋಡುವವರಾರು?

"ಅಲ್ಲ್ ನಿನ್ನ್ ಕಾಲ್ ಕಾಂಬುಕೆ ಯಾರಿದ್ರ್ ಕುಸುಮಾ?" ಎಂದ.

ಅವನು ತನ್ನ ಬೈರಾಸ ಹರಿದು ಅವಳ ಹಿಮ್ಮಡಿಗೆ ಕಟ್ಟಿದ. ಅವಳು ಅಳಲಿಲ್ಲ.

ಮರುದಿನ ಬೆಳಿಗ್ಗೆ ಚಂದಯ್ಯ ಮಾವ ಚಾವಡಿಯಲ್ಲಿ ಕೂತು ಚಪ್ಪರದ ಕಂಬಗಳ ಮಾತಾಡುತ್ತಿದ್ದರು. ತಾಯಿ ಕಂಬಕ್ಕೊರಗಿ ನಿಂತಿದ್ದಳು. ಶೇಖರ ಬರಿಗಾಲಲ್ಲಿ ಬಂದ. ಅವನ ಪಾದವನ್ನು ಆ ಮನೆಯ ಬೆಳಕು ಕಾಣದೆ ವರ್ಷಗಳಾಗಿದ್ದವು. ಮಾವನ ಎದುರು ಕುಳಿತು ಅಂಗಾಲು ಮೇಲೆ ಮಾಡಿ ತೋರಿಸಿದ. ಹಳೆಯ ಹುಣ್ಣುಗಳ ಕಲೆ, ಮೊಂಡಾಗಿ ಒಳಸರಿದ ಕಿರುಬೆರಳು. ಆಮೇಲೆ ಕುಸುಮಳಿಗೂ ಇದೇ ಎಂದು ಹೇಳಿದ.

ಚಂದಯ್ಯ ಮಾವನ ಬಾಯಲ್ಲಿದ್ದ ಎಲೆಯಡಿಕೆ ಹಾಗೆಯೇ ನಿಂತಿತು. ಅವರು ಅಂಗಳಕ್ಕಿಳಿದು ಉಗಿದು ಬಂದರು. "ಬ್ರಹ್ಮಾವರದವ್ರಿಗೆ ನಾ ಎಂತ ಹೇಳುದ್?"

"ಇದ್ದದ್ದ್ ಹೇಳಿ."

"ಇದ್ದದ್ದ್ ಹೇಳ್ರೆ ಮತ್ತೆ ಈ ಮನಿಗೆ ನಾಯಿಯೂ ಬಪ್ಪುದಿಲ್ಲೆ ಮಾಣಿ." ಕೊಡೆ ತೆಗೆದುಕೊಂಡರು. "ಜಾತಕ ಕೂಡಿ ಬರ್ಲಿಲ್ಲೆ ಅಂದ್ಹೇಳಿ ಹೇಳ್ತೆ."

ತಾಯಿ ನಿಂತಲ್ಲಿಂದ ಕದಲಿರಲಿಲ್ಲ. "ನೀ ಬೊಂಬಾಯಿಂದ ಬಂದ್ ವರ್ಷ," ಎಂದಳು, ಮಗನ ಮುಖ ನೋಡದೆ, "ಬಚ್ಚಲ್ ಒಲಿಯಿಂದ ಬಿದ್ದ್ ಕೆಂಡ ಮೆಟ್ಟಿ ದಾಟಿ ಹೋದೆ. ತಿರ್ಗಿ ಸೈತ ಕಾಣ್ಲಿಲ್ಲೆ. ನಾ ಅಲ್ಲೇ ಇದ್ದಿದ್ದೆ."

ಶೇಖರ ತಲೆ ಎತ್ತಿದ. ಗೆರಸಿ ಎತ್ತಿಕೊಂಡು ಹೋದದ್ದು, ನೆಲಕ್ಕೆ ಹಾಸಿದ ಗೋಣಿ, ಒಮ್ಮೆಯೂ ಕೇಳದ ಪ್ರಶ್ನೆ ಎಲ್ಲ ಒಟ್ಟಿಗೆ ನೆನಪಾದವು.

"ಹೆಣ್ಣಿನ್ ಮದಿ ಆಯ್ಲಿ ಅಂದ್ಹೇಳಿ ನಾನೂ ಬಾಯ್ ಮುಚ್ಕಂಡಿದೆ," ಎಂದಳು ಸುಂದರಿ.

ಚಿಕಿತ್ಸಾಲಯಕ್ಕೆ ಮೂವರೂ ಹೋದರು. ಡಾಕ್ಟರಮ್ಮ ಕುಸುಮಾವತಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು, ಮೊಣಕಾಲ ಹಿಂದಿನ ಮಾಸಿದ ಮಚ್ಚೆಯನ್ನು ಸವರಿದರು. ತಾಯಿಯಲ್ಲಿ ಏನೂ ಕಾಣಲಿಲ್ಲ. ಅವರು ಶೇಖರನತ್ತ ತಿರುಗಿದಾಗ ಬೈಯಲೂ ಇಲ್ಲ; ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ನನ್ನಿಂದ ಬಂತಾ ಅವಳಿಗೆ?" ಎಂದು ಕೇಳಿದ.

"ಯಾರಿಂದ ಬಂತೆಂದು ಹೇಗೆ ಹೇಳಲಿ? ಆಗಲೇ ಕರೆದುಕೊಂಡು ಬಂದಿದ್ದರೆ ಈ ಹಿಮ್ಮಡಿ ಉಳಿಯುತ್ತಿತ್ತು ಎಂದು ಹೇಳಬಲ್ಲೆ. ಇನ್ನು ಮುಂದಕ್ಕೆ ಹೋಗದಂತೆ ತಡೆಯಬಹುದು. ಹೋದದ್ದು ಬರುವುದಿಲ್ಲ."

ಜಾತಕದ ಮಾತನ್ನು ಯಾರೂ ನಂಬಲಿಲ್ಲ. ಅದೇ ಬಸ್ಸಿನಲ್ಲಿ, ಅದೇ ನಿಲ್ದಾಣದಲ್ಲಿ ಇಳಿಯುವ ಮೂವರನ್ನು ಕಂಡವರು ಇದ್ದರು. ಸೂರ ದೋಣಿಗೆ ಹತ್ತಿಸಲಾರೆ ಎನ್ನಲಿಲ್ಲ. ಪೈಲ್ವಾನರೆ ಎಂದು ಕೂಗುವುದನ್ನು ಬಿಟ್ಟ. ಅವರು ಇಳಿದ ಮೇಲೆ ಅವರು ಕೂತ ಹಲಗೆಗೆ ಹೊಳೆಯ ನೀರು ಎರಚುತ್ತಿದ್ದ, ಅವರು ದಡ ಏರಿ ಮರೆಯಾಗುವಷ್ಟೂ ಕಾಯದೆ. ಪೈಗಳು ಬೂಟ್ಸಿನ ಪೆಟ್ಟಿಗೆಗಳನ್ನು ಅಂಗಡಿಯ ಮೆಟ್ಟಿಲಿಗೇ ತಂದಿಟ್ಟು, ದುಡ್ಡನ್ನು ಅಲ್ಲೇ ಇಡಿ ಎನ್ನುತ್ತಿದ್ದರು. ಹಾಕಿ ನೋಡಿ ಎಂದು ಮತ್ತೆ ಹೇಳಲಿಲ್ಲ. ಪ್ರೇಮಾನಂದನಿಗೆ ಆ ವರ್ಷವೇ ಬೈಂದೂರಿನ ಕಡೆ ಮದುವೆಯಾಯಿತು.

ಕುಸುಮಾವತಿ ಬಹಳ ಕಾಲ ಕೊಟ್ಟಿಗೆಗೆ ಕಾಲಿಡಲಿಲ್ಲ. ಮಾತ್ರೆ ನುಂಗುವಳು, ಮಲಗುವಳು. ಅವಳಿಗೂ ಮುಂಗಾಲು ಜೋತುಬೀಳುವ ಲಕ್ಷಣ ಕಾಣಿಸಿದ ಮಳೆಗಾಲದಲ್ಲಿ ಶೇಖರ ಅವಳ ಕೋಣೆಯ ಬಾಗಿಲಲ್ಲಿ ಬೈರಾಸ ಹಿಡಿದು ನಿಂತ. ದಿನವೂ ನಿಂತ. ಒಂದು ದಿನ ಅವಳು ಎದ್ದು ಬಂದಳು. ಅಣ್ಣ ತಂಗಿ ಎದುರುಬದುರು ಗೋಣಿಯ ಮೇಲೆ ಕಾಲು ಚಾಚಿ, ತಂತಮ್ಮ ಪಾದವನ್ನು ತಮ್ಮತ್ತ ಎಳೆದುಕೊಳ್ಳುತ್ತಿದ್ದರು.

ಈಗ ಅವಳೂ ಹಾಕುತ್ತಿದ್ದ ಬೂಟ್ಸಿನ ತಳ ಎಪ್ಪತ್ತೊಂದರಲ್ಲಿ ಸವೆಯಿತು. ಶೇಖರ ಇಬ್ಬರಿಗೂ ಹೊಸ ಜೋಡಿ ತಂದ. ಕಡ್ಡಿ ಒಂದೇ, ಜೋಡಿ ಎರಡು. ಕೊಟ್ಟಿಗೆಯಲ್ಲಿ ಅವನ್ನು ಬಿಚ್ಚಿಟ್ಟುಕೊಂಡು ಇಬ್ಬರೂ ಕೂತರು. ಒಳಗೆ ಕೈಯಾಡಿಸಿ ನೋಡಿಯಾಗಿತ್ತು. ಮುಳ್ಳಿದ್ದರೆ, ಚಿಪ್ಪಿದ್ದರೆ ಕೈಗೆ ತಿಳಿಯುತ್ತದೆ. ಬಸ್ಕಿ ತೆಗೆದಾಗ ಬಟ್ಟೆ ಎಲ್ಲಿ ಕಚ್ಚುವುದೆಂದು ಕೈಗೆ ತಿಳಿಯುವುದಿಲ್ಲ.

ಸುಂದರಿ ಹೊಸ್ತಿಲಲ್ಲಿ ಬಂದು ನಿಂತಳು. ಬಾಗಿ ಗೋಣಿಯ ಮೇಲೆ ಕೂತು, ಒಡೆದ ಹಿಮ್ಮಡಿಯ ತನ್ನ ಸಣ್ಣ ಪಾದಕ್ಕೆ ಹಳೆಯ ಸೀರೆಯ ಚಿಂದಿಯನ್ನು ಸುತ್ತಿ ಸುತ್ತಿ ದಪ್ಪ ಮಾಡಿ, ಬೂಟ್ಸಿನೊಳಗೆ ತುರುಕಿದಳು.

"ಅಬ್ಬಿ, ಎಂತ ಮಾಡ್ತಿದ್ದೆ? ನಿನ್ನ್ ಕಾಲ್ ಸಣ್ದ್," ಎಂದಳು ಕುಸುಮಾವತಿ.

"ಸಣ್ದಾರೂ ನೋಯತ್ತಲ್ದಾ."

ಅಂಗಳದ ತುದಿಯಲ್ಲಿ ಚಪ್ಪಲಿ ಬಿಡುತ್ತಿದ್ದ ಆ ಹೆಂಗಸು, ಭತ್ತ ಕುಟ್ಟಿದ ಆ ನೆಲದ ಮೇಲೆ ಬೂಟ್ಸು ಹಾಕಿಕೊಂಡು ಎದ್ದು ನಿಂತಳು. ಬಿದಿರನ್ನು ಎಟುಕಿಸಿಕೊಳ್ಳಲು ತುದಿಗಾಲಲ್ಲಿ ನಿಂತಳು, ಎಟುಕಲಿಲ್ಲ. ಮೊಣಕಾಲು ಹಿಡಿದುಕೊಂಡು ಕೂತಳು, ನರಳುತ್ತ ಎದ್ದಳು, ಮತ್ತೆ ಕೂತಳು. ಮಕ್ಕಳಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು. ಒಮ್ಮೆ ಅವಳ ಹುಬ್ಬು ಗಂಟಿಕ್ಕಿತು.

"ಇಲ್ಲಿ," ಎಂದಳು. "ಕಿರುಬೆರಳ್ ಹತ್ರ. ಕೊಯ್ಯ್."

ಅವಳು ಬೆರಳಿಟ್ಟು ತೋರಿಸಿದಲ್ಲಿ ಶೇಖರ ಬ್ಲೇಡು ಇಟ್ಟ.